ಮಹಾಮನೆಯ ಅಳತೆ

(ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)

 

‘ದಾಸೋಹ ಮತ್ತು ಇಂದಿನ ನಗರ’ ಎಂಬ ವಿಷಯವನ್ನು ನನಗೆ ಕೊಟ್ಟಿದ್ದಾರೆ. ದಾಸೋಹದ ತತ್ವವನ್ನು ನನಗಿಂತ ಚೆನ್ನಾಗಿ ಬಲ್ಲವರು ಈ ಸಭೆಯಲ್ಲೇ ಅನೇಕರಿದ್ದಾರೆ. ನಾನು ಮೂವತ್ತು ವರ್ಷ ಬೆಂಗಳೂರಿನಲ್ಲಿ ಕಟ್ಟಡಗಳ ಅಂದಾಜುಪಟ್ಟಿ ಬರೆಯುವ ಕಾಯಕ ಮಾಡಿದವನು. ಎಷ್ಟು ಇಟ್ಟಿಗೆ, ಎಷ್ಟು ಉಕ್ಕು, ಎಷ್ಟು ಆಳು ಎಂದು ಲೆಕ್ಕ ಹಾಕುವುದೇ ನನ್ನ ವಿದ್ಯೆ. ಆದ್ದರಿಂದ ನನಗೆ ಗೊತ್ತಿರುವ ದಾರಿಯಿಂದಲೇ ವಿಷಯಕ್ಕೆ ಬರುತ್ತೇನೆ. ಬೆಂಗಳೂರಿನ ಅತಿ ದುಬಾರಿ ಬಡಾವಣೆಗಳ, ಅಲ್ಲಿನ ಮನೆಗಳ ಮಾತಿನಿಂದ ಆರಂಭಿಸುತ್ತೇನೆ. ಮನೆಯ ಅಳತೆ ಯಾವುದು ಎಂಬುದು ನನ್ನ ಪ್ರಶ್ನೆ.

ಬೆಂಗಳೂರಿನಲ್ಲಿ ಸಿರಿವಂತರ ಬಡಾವಣೆ ಎಂದೊಡನೆ ಹಳಬರು ಹೇಳುವ ಹೆಸರು ಸದಾಶಿವನಗರ. ಸ್ಯಾಂಕಿ ಕೆರೆಯ ಪಕ್ಕದ ಆ ಪ್ರದೇಶವನ್ನು ಈಗಲೂ ಕೆಲವರು ಪ್ಯಾಲೇಸ್ ಆರ್ಚರ್ಡ್ಸ್, ಅಂದರೆ ಅರಮನೆಯ ತೋಟ ಎಂದೇ ಕರೆಯುತ್ತಾರೆ. ಮಂತ್ರಿಗಳು, ಚಿತ್ರನಟರು, ಉದ್ಯಮಿಗಳು ಅಲ್ಲಿ ನೆಲೆಸಿದ್ದಾರೆ. ಅದರ ಆಚೆಗೆ ಡಾಲರ್ಸ್ ಕಾಲೊನಿ. ವಿದೇಶದಲ್ಲಿದ್ದ ನಮ್ಮವರಿಂದ ಡಾಲರ್ ಲೆಕ್ಕದಲ್ಲಿ ಹಣ ಕಟ್ಟಿಸಿಕೊಂಡು ನಿವೇಶನ ಕೊಟ್ಟದ್ದರಿಂದ ಬಂದ ಹೆಸರು ಅದು. ನಾಣ್ಯದ ಹೆಸರನ್ನೇ ಹೊತ್ತ ಬಡಾವಣೆ! ಇನ್ನು ಸಾಫ್ಟ್‌ವೇರ್ ಕಾಲ ಬಂದ ಮೇಲೆ ಕೋರಮಂಗಲದ ಮೂರನೇ ಬ್ಲಾಕ್ ಎಲ್ಲವನ್ನೂ ಮೀರಿಸಿತು. 2024ರಲ್ಲಿ ಅಲ್ಲಿನ ಒಂದು ನಿವೇಶನ ಚದರಡಿಗೆ ಸುಮಾರು 70 ಸಾವಿರ ರೂಪಾಯಿಯಂತೆ ಮಾರಾಟವಾಯಿತೆಂದು ಪತ್ರಿಕೆಗಳು ಬರೆದವು. ಅದೇ ವರ್ಷ ವಿಠ್ಠಲ ಮಲ್ಯ ರಸ್ತೆಯ ಬಳಿಯ ಒಂದು ಗಗನಚುಂಬಿ ಕಟ್ಟಡದಲ್ಲಿ ಒಂದು ಅಪಾರ್ಟ್‌ಮೆಂಟ್ 50 ಕೋಟಿ ರೂಪಾಯಿಗೆ ಹೋಯಿತೆಂಬ ಸುದ್ದಿಯೂ ಬಂತು.

ಈ ಅಂಕಿಗಳನ್ನು ಕೇಳಿ ಬೆರಗಾಗುವುದು ಸುಲಭ. ಅರ್ಥ ಮಾಡಿಕೊಳ್ಳಲು ಸ್ವಲ್ಪ ಗುಣಾಕಾರ ಬೇಕು. ಒಬ್ಬ ಕೂಲಿಯವನಿಗೆ ದಿನಕ್ಕೆ 700 ರೂಪಾಯಿ ಸಿಗುತ್ತದೆ ಎಂದಿಟ್ಟುಕೊಳ್ಳಿ. ಕೋರಮಂಗಲದ ಆ ನೆಲದಲ್ಲಿ ಒಂದು ಚದರಡಿ, ಅಂದರೆ ಎರಡು ಪಾದ ಊರಿ ನಿಲ್ಲುವಷ್ಟು ಜಾಗ, ಅವನ ನೂರು ದಿನದ ಬೆವರು. ಮೂವತ್ತು ನಲವತ್ತರ ನಿವೇಶನವೆಂದರೆ 1,200 ಚದರಡಿ. ಅಲ್ಲಿಗೆ 1,20,000 ದಿನದ ದುಡಿಮೆ. ವರ್ಷಕ್ಕೆ 300 ದಿನ ದುಡಿದರೂ 400 ವರ್ಷ ಬೇಕು. ಕೆಂಪೇಗೌಡರು 1537ರಲ್ಲಿ ಊರು ಕಟ್ಟಿ ಇನ್ನೂ ನೂರು ವರ್ಷ ತುಂಬದಿದ್ದಾಗ ಕೂಲಿ ಶುರು ಮಾಡಿದವನು, ಹೊಟ್ಟೆಗೆ ಒಂದು ಕಾಸನ್ನೂ ಖರ್ಚು ಮಾಡದೆ ಉಳಿಸಿದ್ದರೆ, ಈಗ ಆ ಬರಿಯ ನೆಲವನ್ನು ಕೊಳ್ಳಬಹುದಿತ್ತು. ಮನೆ ಕಟ್ಟುವುದು ಆಮೇಲಿನ ಮಾತು.

ಹಾಗೆಂದು ನಾನು ಸಿರಿಯನ್ನು ಬೈಯಲು ನಿಂತಿಲ್ಲ. ಈ ಬಡಾವಣೆಗಳಲ್ಲಿ ನಮ್ಮ ಸಮಾಜದವರೂ ಇದ್ದಾರೆ. ಅವರಲ್ಲಿ ಹಲವರು ಪ್ರಾಮಾಣಿಕವಾಗಿ ದುಡಿದು ಗಳಿಸಿದವರು. ಮಠಗಳಿಗೆ, ಶಾಲೆಗಳಿಗೆ ಕೈತುಂಬ ಕೊಟ್ಟವರು. ಅಲ್ಲದೆ, ಬಸವಣ್ಣನವರು ಗುಡಿಸಲಲ್ಲಿ ಕುಳಿತು ಧರ್ಮ ಹೇಳಿದವರಲ್ಲ. ಬಿಜ್ಜಳನ ಭಂಡಾರಿಯಾಗಿದ್ದವರು. ಕಲ್ಯಾಣದಲ್ಲಿ ಅವರದ್ದು ದೊಡ್ಡ ಮನೆಯೇ. ಆ ಮನೆಗೆ ಶರಣರು ಇಟ್ಟ ಹೆಸರು ಮಹಾಮನೆ. ನಾವು ಯೋಚಿಸಬೇಕಾದದ್ದು ಈ ‘ಮಹಾ’ ಎಂಬ ಮಾತನ್ನು. ಅದರ ಕಂಬ ಎಷ್ಟು, ಅಂಕಣ ಎಷ್ಟು, ಅಂಗಳ ಎಷ್ಟು ಅಗಲ ಎಂದು ನಮ್ಮಲ್ಲಿ ಯಾರೂ ಹೇಳಿಕೊಂಡು ಬಂದಿಲ್ಲ. ಅಲ್ಲಿ ಯಾರು ಯಾರು ಉಂಡರು ಎಂಬುದನ್ನು ಮಾತ್ರ ಎಂಟು ನೂರು ವರ್ಷಗಳಿಂದ ಹೇಳುತ್ತಲೇ ಇದ್ದೇವೆ. ಮಡಿವಾಳರು ಬಂದರು, ಅಂಬಿಗರು ಬಂದರು, ಸಮಗಾರರು ಬಂದರು. ಬಸವಣ್ಣನವರು ತಾವೇ ನಾಗಿದೇವನ ಮನೆಗೆ ಹೋಗಿ ಉಂಡು ಬಂದರು. ಬಂದವರಿಗೆ ಬಾಗಿಲು ತೆರೆದದ್ದು ಒಂದು ಹೆಜ್ಜೆ; ತಾನೇ ಇನ್ನೊಬ್ಬರ ಹೊಸ್ತಿಲು ದಾಟಿದ್ದು ಅದಕ್ಕಿಂತ ದೊಡ್ಡ ಹೆಜ್ಜೆ. ಶರಣರ ಲೆಕ್ಕದಲ್ಲಿ ಮನೆಯ ಅಳತೆ ಅದರ ಹೊಸ್ತಿಲಿನಲ್ಲಿದೆ.

ಈ ಹೊಸ್ತಿಲಿನ ಕೋಲನ್ನು ಹಿಡಿದು ಇಂದಿನ ದುಬಾರಿ ಮನೆಗಳನ್ನು ಅಳೆಯೋಣ. ನಕ್ಷೆಗಳನ್ನು ಓದಿ ಓದಿ ನನಗೆ ಒಂದು ಅಭ್ಯಾಸವಾಗಿದೆ. ಮೊದಲು ಹಾಲ್ ನೋಡುವುದಿಲ್ಲ, ಬಾಗಿಲುಗಳನ್ನು ಎಣಿಸುತ್ತೇನೆ. ದೊಡ್ಡ ಮನೆಗೆ ಎದುರಿಗೆ ತೇಗದ ಜೋಡಿ ಬಾಗಿಲು. ಪಕ್ಕದಲ್ಲಿ, ಬಟ್ಟೆ ಒಗೆಯುವ ಜಾಗದ ಹತ್ತಿರ, ಕಿರಿದಾದ ಇನ್ನೊಂದು ಬಾಗಿಲು. ಕೆಲಸದವರು ಬರುವುದು ಅಲ್ಲಿಂದ. ಎತ್ತರದ ಕಟ್ಟಡವಾದರೆ ಲಿಫ್ಟೂ ಬೇರೆ. ಕಸದ ಬುಟ್ಟಿ, ಪೀಠೋಪಕರಣ, ನಾಯಿ ಮತ್ತು ಮನೆಗೆಲಸದ ಹೆಣ್ಣುಮಗಳು ಒಂದೇ ಲಿಫ್ಟಿನಲ್ಲಿ ಹೋಗಬೇಕು. ಆಳಿನ ಕೋಣೆ ಎಂದು ನಕ್ಷೆಯಲ್ಲಿ ಬರೆದದ್ದನ್ನು ನಾನು ಎಷ್ಟೋ ಸಲ ಅಳೆದಿದ್ದೇನೆ. ಆರು ಅಡಿಗೆ ಎಂಟು ಅಡಿ. ಪಕ್ಕದಲ್ಲಿ ಜನರೇಟರ್. ಅದೇ ನಕ್ಷೆಯಲ್ಲಿ ಪೂಜಾಕೋಣೆ ಹತ್ತಕ್ಕೆ ಹನ್ನೆರಡು, ನೆಲಕ್ಕೆ ವಿದೇಶದ ಅಮೃತಶಿಲೆ.

ಶರಣ ಬಂಧುಗಳೇ, ಈ ಎರಡು ಅಳತೆಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿ. ನಮ್ಮ ದೇವರು ಎದೆಯ ಮೇಲಿದ್ದಾನೆ. ಇಷ್ಟಲಿಂಗಕ್ಕೆ ಅಂಗೈಯೇ ಪೀಠ. ಅಂಗೈ ಅಗಲದಲ್ಲಿ ಪೂಜೆ ಮುಗಿಯುವ ಧರ್ಮದವರ ಮನೆಯಲ್ಲಿ ಹತ್ತಕ್ಕೆ ಹನ್ನೆರಡರ ಕೋಣೆ ಯಾರಿಗಾಗಿ? ದೇಹವನ್ನೇ ದೇಗುಲವೆಂದು ನಂಬಿದವರು, ಇಡೀ ದಿನ ನಮಗಾಗಿ ದುಡಿಯುವ ಒಂದು ದೇಹಕ್ಕೆ ಕಾಲು ಚಾಚಲು ಜಾಗ ಬಿಡುವುದಿಲ್ಲವೆಂದರೆ, ನಮ್ಮ ಪೂಜೆ ಯಾವ ದೇಗುಲದಲ್ಲಿ ನಡೆಯುತ್ತಿದೆ?

‘ನಮ್ಮದು ದೊಡ್ಡ ಮನೆಯಲ್ಲ, ಈ ಮಾತು ನಮಗಲ್ಲ’ ಎಂದು ಇಲ್ಲಿ ಕೆಲವರಿಗೆ ಅನ್ನಿಸುತ್ತಿರಬಹುದು. ಆದರೆ ದೊಡ್ಡ ಮನೆಯ ನಡವಳಿಕೆ ಚಿಕ್ಕ ಮನೆಗೆ ಬೇಗ ಇಳಿಯುತ್ತದೆ. ಬೆಂಗಳೂರಿನ ಮಧ್ಯಮ ವರ್ಗದ ಬಡಾವಣೆಗಳಲ್ಲಿ ಬಾಡಿಗೆ ಮನೆ ಕೇಳಲು ಹೋದವರಿಗೆ ಮೊದಲು ಎದುರಾಗುವುದು ಬಾಡಿಗೆಯ ಪ್ರಶ್ನೆಯಲ್ಲ. ‘ನೀವು ಯಾವ ಜನ?’ ಎಂಬ ಪ್ರಶ್ನೆ. ‘ನಮ್ಮವರಿಗೆ ಮಾತ್ರ’ ಎಂದು ಹೇಳುವ ಮಾಲೀಕರಲ್ಲಿ ಹಣೆಗೆ ವಿಭೂತಿ ಧರಿಸಿದವರೂ ಇದ್ದಾರೆ. ಬಂದವರನ್ನು ‘ಯಾರವನು’ ಎಂದು ಕೇಳಕೂಡದೆಂಬ ಪಾಠವನ್ನು ನಮ್ಮ ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತೇವೆ. ಅದೇ ಮಕ್ಕಳ ಎದುರಿಗೆ, ಗೇಟಿನ ಬಳಿ ನಿಂತವನಿಗೆ ಅದೇ ಪ್ರಶ್ನೆ ಕೇಳುತ್ತೇವೆ. ಮಕ್ಕಳು ಕಲಿಯುವುದು ಪಾಠವನ್ನೋ, ಗೇಟಿನ ಬಳಿ ನಡೆದದ್ದನ್ನೋ? ನೀವೇ ಹೇಳಿ.

ಇನ್ನು ಆ ಮನೆಗಳನ್ನು ಕಟ್ಟುವವರ ಮಾತು. ಬೆಂಗಳೂರಿನಲ್ಲಿ ಕಟ್ಟಡ ಎದ್ದಲ್ಲೆಲ್ಲ ಅದರ ಪಕ್ಕ ನೀಲಿ ತಾಡಪಾಲಿನ ಶೆಡ್ಡುಗಳು ಏಳುತ್ತವೆ. ಒಳಗಿರುವವರನ್ನು ಮಾತನಾಡಿಸಿ. ಒಡಿಶಾ, ಬಿಹಾರ, ಬಂಗಾಳದವರ ಜೊತೆ ನಮ್ಮ ರಾಯಚೂರು, ಯಾದಗಿರಿ, ಕಲಬುರಗಿಯ ಜನ ಸಿಗುತ್ತಾರೆ. ಮಳೆ ಕೈಕೊಟ್ಟ ವರ್ಷ ಗುಳೆ ಬಂದವರು. ಆ ಸೀಮೆಗೆ 2019ರಲ್ಲಿ ಕಲ್ಯಾಣ ಕರ್ನಾಟಕ ಎಂದು ಹೆಸರಿಟ್ಟೆವು. ಹೆಸರು ಬಸವಣ್ಣನವರ ಕಲ್ಯಾಣದ್ದು. ಆ ನೆಲದ ಮಕ್ಕಳು ಬೆಂಗಳೂರಿನ ದುಬಾರಿ ಮನೆಗಳಿಗೆ ಇಟ್ಟಿಗೆ ಹೊರುತ್ತಾರೆ. ಮನೆ ಮುಗಿದ ದಿನ ಶೆಡ್ಡು ಕಿತ್ತುಕೊಂಡು ಹೊರಡುತ್ತಾರೆ. ತಾವು ಕಟ್ಟಿದ ಮನೆಯ ಗೇಟನ್ನು ಮಾರನೆಯ ದಿನ ದಾಟಲು ಅವರಿಗೆ ಅಪ್ಪಣೆ ಇರುವುದಿಲ್ಲ.

ನಮ್ಮ ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ಯಾವ ಊರಿನವರು? ಅಮರೇಶ್ವರದವರು. ಇಂದಿನ ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲ್ಲೂಕು. ಅವರೂ ಆ ಕಾಲದ ರಾಜಧಾನಿಗೆ ವಲಸೆ ಬಂದವರೇ. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಮನೆಗೆ ಬಂತು. ಲಕ್ಕಮ್ಮ ಅದನ್ನು ಒಲೆಯ ಮೇಲೆ ಇಡಲಿಲ್ಲ. ಆ ದಿನಕ್ಕೆ ಬೇಕಾದಷ್ಟನ್ನು ಉಳಿಸಿಕೊಂಡು ಮಿಕ್ಕದ್ದನ್ನು ತಂದಲ್ಲಿಗೇ ಸುರಿದು ಬರುವಂತೆ ಗಂಡನನ್ನು ವಾಪಸು ಕಳಿಸಿದಳು. ಈ ಕಥೆಯನ್ನು ನಾವು ಬಡವರಿಗೆ ತೃಪ್ತಿ ಕಲಿಸಲು ಹೇಳುತ್ತೇವೆ. ಅದು ತಪ್ಪು ಬಳಕೆ ಎಂದು ನನ್ನ ನಮ್ರ ಅಭಿಪ್ರಾಯ. ಬೇಕಾದದ್ದಕ್ಕಿಂತ ಹೆಚ್ಚು ಮನೆಗೆ ಬಂದವರಿಗಾಗಿ ಆಕೆ ಆ ಪಾಠ ಬಿಟ್ಟುಹೋಗಿದ್ದಾಳೆ. ಇದನ್ನು ಸದಾಶಿವನಗರದಲ್ಲಿ, ಡಾಲರ್ಸ್ ಕಾಲೊನಿಯಲ್ಲಿ, ಕೋರಮಂಗಲದಲ್ಲಿ ಹೇಳಬೇಕು. ಅಲ್ಲಿ ಇಂದಿಗೆ ಬೇಕಾದದ್ದಕ್ಕಿಂತ ಎಷ್ಟು ಹೆಚ್ಚಿದೆ ಎಂದು ಕೇಳುವ ಲಕ್ಕಮ್ಮನಂಥವರು ಬೇಕು.

ಕೋರಮಂಗಲದ ಮಗ್ಗುಲಲ್ಲೇ ಈಜಿಪುರವಿದೆ. ಅಲ್ಲಿ ಬಡವರಿಗಾಗಿ ಪಾಲಿಕೆ ಕಟ್ಟಿದ್ದ ವಸತಿ ಸಮುಚ್ಚಯ ಶಿಥಿಲವಾಗಿ ಕುಸಿಯಿತು. ಅಲ್ಲೇ ಶೆಡ್ಡು ಹಾಕಿಕೊಂಡು ಉಳಿದಿದ್ದ ಸಾವಿರಕ್ಕೂ ಹೆಚ್ಚು ಕುಟುಂಬಗಳನ್ನು 2013ರ ಜನವರಿಯಲ್ಲಿ ತೆರವುಗೊಳಿಸಲಾಯಿತು. ಅವರಲ್ಲಿ ಅನೇಕ ಹೆಣ್ಣುಮಕ್ಕಳು ಸುತ್ತಲಿನ ಬಂಗಲೆಗಳಲ್ಲೇ ಪಾತ್ರೆ ತೊಳೆಯುತ್ತಿದ್ದವರು. ನೆಲದ ಬೆಲೆ ಏರಿದಾಗ ಅದರ ಮೇಲೆ ಮೊದಲು ಜಾಗ ಕಳೆದುಕೊಳ್ಳುವವರು ಆ ನೆಲವನ್ನು ಗುಡಿಸುವವರು. ದುಬಾರಿ ಬಡಾವಣೆ ಎಂಬುದರ ಇನ್ನೊಂದು ಮುಖ ಇದು.

ಗೋಡೆ ಎತ್ತರಿಸಿದರೆ ಒಳಗಿನವರು ಸುರಕ್ಷಿತರು ಎಂಬ ನಂಬಿಕೆಯೂ ಉಳಿದಿಲ್ಲ. 2022ರ ಸೆಪ್ಟೆಂಬರ್ ಮಳೆಯನ್ನು ನೆನೆಯಿರಿ. ಯಮಲೂರು, ಸರ್ಜಾಪುರ ರಸ್ತೆಯ ಕಡೆಯ ಕೋಟಿಗಟ್ಟಲೆ ಬೆಲೆಯ ವಿಲ್ಲಾಗಳ ಒಳಗೆ ನೀರು ನುಗ್ಗಿತು. ಐಷಾರಾಮಿ ಕಾರುಗಳು ಮುಳುಗಿದವು. ಅಲ್ಲಿಯ ಜನರನ್ನು ಟ್ರ್ಯಾಕ್ಟರಿನಲ್ಲಿ, ದೋಣಿಯಲ್ಲಿ ಹೊರತರಬೇಕಾಯಿತು. ಕೆರೆಯಿಂದ ಕೆರೆಗೆ ಹರಿಯುವ ರಾಜಕಾಲುವೆಗಳನ್ನು ನಗರ ನುಂಗಿತ್ತು. ನೀರು ತನ್ನ ಹಳೆಯ ದಾರಿಯನ್ನು ಕೇಳಿಕೊಂಡು ಬಂತು. ಮತ್ತೆ 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿ ಅದೇ ನಗರ ಟ್ಯಾಂಕರಿನ ಹಿಂದೆ ಓಡಿತು. ಕಾವೇರಿ ನೀರು ಸುಮಾರು 100 ಕಿಲೋಮೀಟರ್ ದೂರದಿಂದ, ನೂರಾರು ಮೀಟರ್ ಮೇಲಕ್ಕೆ ಪಂಪಾಗಿ ಈ ಊರಿಗೆ ಬರಬೇಕು. ಆ ನೀರು ಉಳ್ಳವರ ಈಜುಕೊಳವನ್ನೂ ತುಂಬುತ್ತದೆ, ಬೀದಿನಲ್ಲಿಯ ಕೊಡವನ್ನೂ ತುಂಬಬೇಕು. ಒಂದೇ ಊರಿನ ನೀರನ್ನು ಕುಡಿಯುವವರ ನಡುವೆ ಕಾಂಪೌಂಡು ಗೋಡೆ ಎಷ್ಟು ದಿನ ನಿಂತೀತು? ದಾಸೋಹವನ್ನು ನಾವು ಪುಣ್ಯದ ಕೆಲಸವೆಂದು ತಿಳಿದಿದ್ದೇವೆ. ಊರು ಉಳಿಯಬೇಕಾದರೂ ಅದು ಬೇಕು.

ನಾನು ಮೊದಲಿಗೆ ಸದಾಶಿವನಗರದ ಹೆಸರು ಹೇಳಿದೆ. ಆ ಸದಾಶಿವ ಯಾರು ಎಂದು ಅಲ್ಲಿ ವಾಸಿಸುವ ಎಷ್ಟು ಜನಕ್ಕೆ ಗೊತ್ತೋ! ಅವರು ಮಂಗಳೂರಿನ ಕಾರ್ನಾಡ್ ಸದಾಶಿವರಾಯರು. 1881ರಲ್ಲಿ ಸಿರಿವಂತರ ಮನೆಯಲ್ಲಿ ಹುಟ್ಟಿದವರು, ಹೆಸರಾಂತ ವಕೀಲರು. ಗಾಂಧೀಜಿಯವರ ಕರೆಗೆ ಓಗೊಟ್ಟು ಸ್ವಾತಂತ್ರ್ಯ ಚಳವಳಿಗೆ, ವಿಧವೆಯರ ಮತ್ತು ದಲಿತರ ಏಳಿಗೆಗೆ ತಮ್ಮ ಆಸ್ತಿಯನ್ನೆಲ್ಲ ಸುರಿದರು. 1937ರಲ್ಲಿ ತೀರಿಕೊಂಡಾಗ ಬಡವರಾಗಿದ್ದರು. ಅವರು ಲಿಂಗ ಕಟ್ಟಿಕೊಂಡವರಲ್ಲ. ಆದರೆ ಮಿಕ್ಕ ಅಕ್ಕಿಯನ್ನು ಸುರಿದು ಬಂದವರು. ಎಲ್ಲವನ್ನೂ ಕೊಟ್ಟು ಬರಿಗೈಯಾದವರ ಹೆಸರನ್ನು ಬೆಂಗಳೂರು ತನ್ನ ಅತ್ಯಂತ ಸಿರಿವಂತ ಬಡಾವಣೆಗೆ ಇಟ್ಟುಕೊಂಡಿದೆ. ಅಲ್ಲಿನ ಪ್ರತಿ ಮನೆಯ ವಿಳಾಸದಲ್ಲೂ ಅವರ ಹೆಸರಿದೆ. ವಿಳಾಸ ಬರೆಯುವಾಗಲೆಲ್ಲ ಆ ಹೆಸರು ನಮ್ಮನ್ನು ಏನೋ ಕೇಳುತ್ತಿದೆ ಎಂದು ನನಗೆ ಅನ್ನಿಸುತ್ತದೆ.

ನಮ್ಮವರಲ್ಲೂ ಅಂಥವರಿದ್ದರು. ಗುಬ್ಬಿಯಿಂದ ಬೆಂಗಳೂರಿಗೆ ಬಂದು ಮಾಮೂಲುಪೇಟೆಯಲ್ಲಿ ವ್ಯಾಪಾರ ಮಾಡಿ ಗಳಿಸಿದ ತೋಟದಪ್ಪನವರು. ಮಕ್ಕಳಿರಲಿಲ್ಲ. ರೈಲು ಇಳಿದು ಬರುವ ದಾರಿಹೋಕರಿಗೆ ತಲೆ ಮೇಲೆ ಸೂರು ಬೇಕೆಂದು ರೈಲು ನಿಲ್ದಾಣದ ಹತ್ತಿರವೇ ಜಾಗ ಕೊಂಡು ಛತ್ರ ಕಟ್ಟಿಸಿದರು. 1903ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅದನ್ನು ಉದ್ಘಾಟಿಸಿದರು. ಎರಡೇ ವರ್ಷದಲ್ಲಿ ವಿದ್ಯಾರ್ಥಿಗಳಿಗೆ ಉಚಿತ ನಿಲಯವೂ ಆರಂಭವಾಯಿತು. ಹಳ್ಳಿಯಿಂದ ತಗಡಿನ ಪೆಟ್ಟಿಗೆ ಹಿಡಿದು ಬಂದ ನಮ್ಮ ಎಷ್ಟೋ ಹುಡುಗರು ಅಲ್ಲಿ ಉಂಡು, ಓದಿ, ಮುಂದೆ ದೊಡ್ಡವರಾದರು. ಅವರ ಮಕ್ಕಳು ಮೊಮ್ಮಕ್ಕಳಲ್ಲಿ ಕೆಲವರು ಇಂದು ನಾನು ಹೇಳಿದ ದುಬಾರಿ ಬಡಾವಣೆಗಳಲ್ಲಿದ್ದಾರೆ. ತೋಟದಪ್ಪನವರು ತಾವು ವಾಸವಿದ್ದ ಮನೆಗೆ ಎಷ್ಟು ಖರ್ಚು ಮಾಡಿದರು ಎಂದು ಯಾರೂ ಕೇಳುವುದಿಲ್ಲ. ಬೇರೆಯವರಿಗಾಗಿ ಕಟ್ಟಿದ ಮನೆಯಿಂದಲೇ ಅವರ ಹೆಸರು ಉಳಿದಿದೆ.

ಹಾಗಾದರೆ ನಾವೇನು ಮಾಡಬೇಕು? ಮನೆ ಮಾರಿ ಬೀದಿಗೆ ಬನ್ನಿ ಎಂದು ನಾನು ಹೇಳುವುದಿಲ್ಲ. ಹೇಳಿದರೂ ಯಾರೂ ಬರುವುದಿಲ್ಲ. ಲೆಕ್ಕದವನಾಗಿ ಕೆಲವು ಕೆಲಸಗಳನ್ನು ಮುಂದಿಡುತ್ತೇನೆ.

ಒಂದು. ಕಟ್ಟಡ ಕಾರ್ಮಿಕರಿಗಾಗಿ 1996ರಲ್ಲಿ ಕಾನೂನು ಬಂತು. ಕಟ್ಟಡದ ವೆಚ್ಚದಲ್ಲಿ ಶೇಕಡ 1ರಷ್ಟನ್ನು ಅವರ ಕಲ್ಯಾಣಕ್ಕೆಂದು ಸೆಸ್ ಕಟ್ಟಬೇಕು. 10 ಕೋಟಿಯ ಮನೆಗೆ 10 ಲಕ್ಷ. ವೆಚ್ಚವನ್ನು ಕಡಿಮೆ ತೋರಿಸಿದರೆ ಅದು ಕೂಲಿಯವನ ಮಗುವಿನ ಪುಸ್ತಕದಿಂದ ಕಿತ್ತ ಹಣ. ಅಷ್ಟೇ ಅಲ್ಲ, ಆ ಸೌಲಭ್ಯ ಸಿಗಬೇಕಾದರೆ ಕಾರ್ಮಿಕ ಮಂಡಳಿಯಲ್ಲಿ ನೋಂದಣಿಯಾಗಬೇಕು. ನೋಂದಣಿಗೆ ವರ್ಷದಲ್ಲಿ 90 ದಿನ ಕೆಲಸ ಮಾಡಿದ್ದಕ್ಕೆ ದೃಢೀಕರಣ ಬೇಕು. ಆ ಕಾಗದಕ್ಕಾಗಿ ಅವರು ಅಲೆಯುತ್ತಾರೆ. ಮನೆ ಕಟ್ಟಿಸುವ ಶರಣರು ತಮ್ಮ ಗುತ್ತಿಗೆದಾರನನ್ನು ಕೂರಿಸಿಕೊಂಡು ಪ್ರತಿಯೊಬ್ಬ ಕೆಲಸಗಾರನಿಗೂ ಆ ಕಾಗದ ಸಿಗುವಂತೆ ಮಾಡಲಿ. ಒಂದು ರುಜುವಿನ ದಾಸೋಹ ಇದು, ಖರ್ಚಿಲ್ಲ.

ಎರಡು. ಗೃಹಪ್ರವೇಶ. ಹೋಮ, ವಾಸ್ತು, ಮುಹೂರ್ತ ಶರಣರ ದಾರಿಯಲ್ಲವೆಂದು ಈ ವೇದಿಕೆಯಿಂದ ಎಷ್ಟೋ ಸಲ ಹೇಳಿದ್ದೇವೆ. ಬಿಡುವುದರ ಜೊತೆಗೆ ಮಾಡಬೇಕಾದದ್ದೂ ಒಂದಿದೆ. ಮನೆ ಕಟ್ಟಿದ ಗಾರೆಯವರು, ಬಡಗಿಗಳು, ಇಟ್ಟಿಗೆ ಹೊತ್ತ ಹೆಣ್ಣುಮಕ್ಕಳು ಮೊದಲ ಪಂಕ್ತಿಯಲ್ಲಿ ಕೂರಲಿ. ಎದುರಿನ ಬಾಗಿಲಿನಿಂದಲೇ ಬರಲಿ. ಮನೆಯ ಯಜಮಾನ ಯಜಮಾನಿ ಬಡಿಸಲಿ. ಅದೇ ಪ್ರವೇಶ, ಅದೇ ಪೂಜೆ.

ಮೂರು. ಮನೆಗೆಲಸದವರ ಸಂಬಳ. ಕರ್ನಾಟಕ ಸರ್ಕಾರ 2004ರಲ್ಲೇ ಮನೆಗೆಲಸವನ್ನು ಕನಿಷ್ಠ ವೇತನದ ಪಟ್ಟಿಗೆ ಸೇರಿಸಿತು. ಇಪ್ಪತ್ತು ವರ್ಷ ಕಳೆದರೂ ಹೆಚ್ಚಿನ ಮನೆಗಳಲ್ಲಿ ಅದು ಜಾರಿಗೆ ಬಂದಿಲ್ಲ. ಕಾಯಕದಲ್ಲಿ ಮೇಲು ಕೀಳಿಲ್ಲವೆನ್ನುವ ನಾವು ಸರ್ಕಾರದ ಇನ್‌ಸ್ಪೆಕ್ಟರನಿಗಾಗಿ ಕಾಯಬೇಕೇ? ವಾರಕ್ಕೊಂದು ರಜೆ, ಅದೇ ತಟ್ಟೆ, ಅದೇ ಲೋಟ, ಅದೇ ಲಿಫ್ಟು. ಅಪಾರ್ಟ್‌ಮೆಂಟಿನ ಸಂಘದ ಸಭೆಯಲ್ಲಿ ಈ ಮಾತನ್ನು ಎತ್ತುವ ಮೊದಲ ಕೈ ಲಿಂಗಾಯತರದ್ದಾಗಲಿ.

ನಾಲ್ಕು. ಒಂದು ಕೋಣೆ. ಹಿಂದೆ ಬಡ ಹುಡುಗರು ವಾರಾನ್ನ ಉಂಡು ಓದುತ್ತಿದ್ದರು. ಈಗ ಬೆಂಗಳೂರಿಗೆ ಓದಲು ಬರುವ ಹಳ್ಳಿಯ ಮಗುವಿಗೆ ಕಾಲೇಜಿನ ಶುಲ್ಕಕ್ಕಿಂತ ಪಿಜಿಯ ಬಾಡಿಗೆ ಭಾರ. ಎಂಟು ಕೋಣೆಯ ಮನೆಯಲ್ಲಿ ಇಬ್ಬರು ವೃದ್ಧರು ಮಾತ್ರ ಇರುವುದನ್ನು ನಾನು ಕಂಡಿದ್ದೇನೆ, ಮಕ್ಕಳು ಅಮೆರಿಕದಲ್ಲಿ. ಅಂಥ ಮನೆಯ ಒಂದು ಕೋಣೆ ಒಬ್ಬ ವಿದ್ಯಾರ್ಥಿಗೆ ದೊರೆತರೆ ಮಗುವಿಗೆ ಸೂರು, ಹಿರಿಯರಿಗೆ ಜೊತೆ. ಆ ಮಗು ಯಾವ ಜಾತಿಯದೆಂದು ಮಾತ್ರ ಕೇಳಬಾರದು.

ಕೊನೆಯದು ಮಠಗಳಿಗೆ. ಪೂಜ್ಯರು ಮನ್ನಿಸಬೇಕು. ಮಠದಲ್ಲಿ ಮಹಾದ್ವಾರ, ಗೋಪುರ, ಅಮೃತಶಿಲೆಯ ಸಭಾಭವನಗಳು ಎದ್ದಂತೆ ಭಕ್ತರೂ ತಮ್ಮ ಮನೆಗೆ ಅದನ್ನೇ ಮಾದರಿಯಾಗಿ ಹಿಡಿಯುತ್ತಾರೆ. ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳು 2019ರಲ್ಲಿ ಲಿಂಗೈಕ್ಯರಾದಾಗ ನಾಡು ನೆನೆದು ಅತ್ತದ್ದು ಆರದ ಒಲೆಯನ್ನು, ಸಾವಿರಾರು ಮಕ್ಕಳು ಸಾಲಾಗಿ ಕೂತು ಉಣ್ಣುತ್ತಿದ್ದ ಪಂಕ್ತಿಯನ್ನು. ಮಠದ ವಾರ್ಷಿಕ ವರದಿಯಲ್ಲಿ ಕಟ್ಟಡಗಳ ಪಟ್ಟಿಗೆ ಮೊದಲು, ಆ ವರ್ಷ ಉಂಡವರ, ಓದಿದವರ ಲೆಕ್ಕ ಬರಲಿ. ಭಕ್ತರು ದೇಣಿಗೆ ಹಿಡಿದು ಬಂದಾಗ, ‘ನಿನ್ನ ಮನೆಯಲ್ಲಿ ದುಡಿಯುವವರಿಗೆ ನ್ಯಾಯವಾಗಿ ಕೊಡುತ್ತಿದ್ದೀಯಾ?’ ಎಂದು ಪೂಜ್ಯರು ಒಂದು ಮಾತು ಕೇಳಲಿ. ಕಾನೂನಿನ ನೋಟಿಸು ಮಾಡಲಾರದ ಕೆಲಸವನ್ನು ಗುರುವಿನ ಆ ಒಂದು ಪ್ರಶ್ನೆ ಮಾಡುತ್ತದೆ.

ಚದರಡಿಗೆ 70 ಸಾವಿರ ಎಂಬುದು ಮಾರುಕಟ್ಟೆ ಕೊಟ್ಟ ಬೆಲೆ. ಮಾರುಕಟ್ಟೆ ನಾಳೆ ಅದನ್ನು ಏರಿಸಬಹುದು, ಇಳಿಸಬಹುದು. ಮಹಾಮನೆಗೆ ಶರಣರು ಕಟ್ಟಿದ ಬೆಲೆ ಎಂಟು ನೂರು ವರ್ಷದಲ್ಲಿ ಒಮ್ಮೆಯೂ ಇಳಿದಿಲ್ಲ. ಅಂಥ ಮನೆ ಕಟ್ಟಲು ಸದಾಶಿವನಗರದಲ್ಲಿ ನಿವೇಶನ ಬೇಕಿಲ್ಲ. ಇಪ್ಪತ್ತು ಮೂವತ್ತರ ಜಾಗವೂ ಸಾಕು, ಬಾಡಿಗೆಯ ಮನೆಯೂ ಸಾಕು. ಇಂದು ರಾತ್ರಿ ಮನೆಗೆ ಹೋಗಿ ನಿಮ್ಮ ನಿಮ್ಮ ಬಾಗಿಲುಗಳನ್ನು ಒಮ್ಮೆ ಎಣಿಸಿ. ಯಾವ ಬಾಗಿಲಿನಿಂದ ಯಾರು ಬರುತ್ತಾರೆ ಎಂದು ನೋಡಿ. ಎಲ್ಲರೂ ಒಂದೇ ಬಾಗಿಲಿನಿಂದ ಬರುವ ಮನೆ ಈ ಊರಿನಲ್ಲಿ ಒಂದು ಹೆಚ್ಚಾದರೂ ಈ ಗೋಷ್ಠಿ ಸಾರ್ಥಕ.